ಗಾಯಕರು ತಮ್ಮ ಕಥೆ ಹೇಳುವಾಗ

ಸಂಗೀತಗಾರರ ಆತ್ಮಕಥೆಯನ್ನು ಅಳೆಯಲು ನಾನು ಬಳಸುವುದು ಒಂದೇ ಅಳತೆಗೋಲು. ಪುಸ್ತಕ ಮುಗಿಸಿ ಅದೇ ಗಾಯಕರ ಧ್ವನಿಮುದ್ರಿಕೆಯನ್ನು ಮತ್ತೆ ಹಾಕಿದಾಗ, ಅದುವರೆಗೆ ಕಿವಿಗೆ ಬೀಳದಿದ್ದದ್ದು ಏನಾದರೂ ಕೇಳಿಸಬೇಕು. ಹುಟ್ಟಿದ ಊರು, ಬಾಲ್ಯದ ಕಷ್ಟ, ಗುರುಕೃಪೆ, ಸನ್ಮಾನ, ಪ್ರಶಸ್ತಿ ಇವೆಲ್ಲ ಅಭಿನಂದನ ಗ್ರಂಥಗಳಲ್ಲೂ ಬೇಕಾದಷ್ಟು ಸಿಗುತ್ತವೆ. ಈ ಗಂಟಲು ಹೀಗಾದದ್ದು ಹೇಗೆ ಎಂಬುದನ್ನು ಮಾತ್ರ ಗಾಯಕರೇ ಹೇಳಬೇಕು. ಈ ನಿರೀಕ್ಷೆ ಇಟ್ಟುಕೊಂಡು ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ಯನ್ನೂ, ಗಂಗೂಬಾಯಿ ಹಾನಗಲ್ಲರು ಹೇಳಿ ಎನ್ಕೆ ಕುಲಕರ್ಣಿಯವರು ನಿರೂಪಿಸಿದ ‘ನನ್ನ ಬದುಕಿನ ಹಾಡು’ ಕೃತಿಯನ್ನೂ ಒಟ್ಟಿಗೆ ಓದಬೇಕು. ಇಬ್ಬರೂ ಧಾರವಾಡದ ನೀರು ಕುಡಿದವರು, ಒಂದೇ ಪೀಳಿಗೆಯವರು. ಮನಸೂರರು ಹುಟ್ಟಿದ್ದು 1910ರ ಡಿಸೆಂಬರಿನಲ್ಲಿ, ಗಂಗೂಬಾಯಿ 1913ರ ಮಾರ್ಚಿನಲ್ಲಿ. ಇಬ್ಬರೂ ಮೊದಲು ಹತ್ತಿರದಿಂದ ಕಂಡದ್ದು ಕರ್ನಾಟಕ ಸಂಗೀತ, ಹೆಸರು ಮಾಡಿದ್ದು ಹಿಂದುಸ್ತಾನಿ ಖಯಾಲಿನಲ್ಲಿ. ಇಷ್ಟು ಹತ್ತಿರದ ಇಬ್ಬರು ತಮ್ಮ ಬದುಕನ್ನು ಎಷ್ಟು ಬೇರೆಯಾಗಿ ಹೇಳಿದ್ದಾರೆ ಎಂಬುದು ಜೊತೆಗಿಟ್ಟು ಓದಿದಾಗಲೇ ಗೊತ್ತಾಗುತ್ತದೆ.

‘ರಸಯಾತ್ರೆ’ಯ ಚೆಲುವು ಅದರ ವಿನಯದಲ್ಲಿದೆ. ಧಾರವಾಡದ ಪಕ್ಕದ ಮನಸೂರಿನ ಒಕ್ಕಲುತನದ ಮನೆಯ ಹುಡುಗ ಅಣ್ಣನ ಹಿಂದೆ ನಾಟಕದ ರಂಗ ಹತ್ತುತ್ತಾನೆ. ಅಪ್ಪಯ್ಯಸ್ವಾಮಿಗಳ ಹತ್ತಿರ ಕರ್ನಾಟಕ ಪದ್ಧತಿಯ ಮೊದಲ ಪಾಠವಾಗುತ್ತದೆ. ಆಮೇಲೆ ಮಿರಜಿನಲ್ಲಿ ನೀಲಕಂಠಬುವಾ ಆಲೂರಮಠರ ಕೈಕೆಳಗೆ ಗ್ವಾಲಿಯರ್ ಘರಾಣೆಯ ತಾಲೀಮು. ಎಚ್‌ಎಂವಿಯ ತಟ್ಟೆಗಳು ಹೊರಬಂದು ಊರೂರಲ್ಲಿ ಹೆಸರಾದ ಮೇಲೆ, ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಎದುರು ಆ ಯುವಕ ಮತ್ತೆ ವಿದ್ಯಾರ್ಥಿಯಾಗಿ ಕೂರುತ್ತಾನೆ. ಪುಸ್ತಕದ ಜೀವ ಇರುವುದು ಇಲ್ಲಿ. ಹೆಸರು, ಗಳಿಕೆ ಎರಡೂ ಕೈಗೆ ಬಂದಿದ್ದ ಗಾಯಕನೊಬ್ಬ ತನ್ನ ಹಾಡುಗಾರಿಕೆಯನ್ನು ಬಿಚ್ಚಿ ಮರಳಿ ಕಟ್ಟಲು ಒಪ್ಪುವುದು ಸಣ್ಣ ಮಾತಲ್ಲ. ಆ ತಾಲೀಮು ಬಹುಕಾಲ ನಡೆಯಲೂ ಇಲ್ಲ. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಕಲಿಕೆ ಅವರ ತಮ್ಮ ಭುರ್ಜಿ ಖಾನರಲ್ಲಿ ಮುಂದುವರಿಯಿತು. ಗುರುಗಳ ವಿಷಯ ಬಂದಾಗಲೆಲ್ಲ ಮನಸೂರರ ಬರಹ ತಲೆಬಾಗುತ್ತದೆ, ಆ ಭಕ್ತಿ ತೋರಿಕೆಯದೆಂದು ಒಂದು ಕ್ಷಣವೂ ಅನಿಸುವುದಿಲ್ಲ. ಮುಸಲ್ಮಾನ ಉಸ್ತಾದರ ಮನೆತನವೊಂದು ಲಿಂಗಾಯತ ಹುಡುಗನಿಗೆ ತನ್ನ ಗುಟ್ಟಿನ ಚೀಜುಗಳನ್ನು ಬಿಟ್ಟುಕೊಟ್ಟ ಬಗೆಯನ್ನು, ಅದರಲ್ಲಿ ಹೇಳಬೇಕಾದ ವಿಶೇಷವೇನಿದೆ ಎಂಬಷ್ಟು ಸಹಜವಾಗಿ ಈ ಪುಸ್ತಕ ಕಾಣಿಸುತ್ತದೆ. ಇವತ್ತು ಓದುವವರಿಗೆ ಆ ಸಹಜತೆ ಅಮೂಲ್ಯ.

ನನ್ನ ದೂರು ಇರುವುದೂ ಇಲ್ಲಿಯೇ. ಗ್ವಾಲಿಯರಿನಿಂದ ಜೈಪುರ–ಅತ್ರೌಲಿಗೆ ದಾಟುವಾಗ ಗಂಟಲಿನಲ್ಲಿ ಏನು ನಡೆಯಿತು? ಗ್ವಾಲಿಯರಿನವರು ಬಂದಿಶನ್ನು ಬಿಚ್ಚುಮನಸ್ಸಿನಿಂದ ಮುಂದಿಟ್ಟು, ಸಪಾಟ್ ತಾನುಗಳಲ್ಲಿ ನೇರ ಏರಿ ನೇರ ಇಳಿಯುತ್ತಾರೆ. ಅಲ್ಲಾದಿಯಾ ಖಾನರ ಗಾಯಕಿಯಲ್ಲಿ ಸ್ವರ ನೇರ ನಡೆಯುವುದು ಕಡಿಮೆ. ಅದು ಸುತ್ತಿ ಬಳಸಿ, ಮಾತ್ರೆ ಮಾತ್ರೆಗಳ ಸಂದಿನಲ್ಲಿ ಹೆಣೆದುಕೊಂಡು ಸಾಗುತ್ತದೆ. ಉಸಿರು ಇಲ್ಲಿಗೆ ಮುಗಿಯಿತು ಅನ್ನುವಾಗ ಇನ್ನೊಂದು ಸುತ್ತು ಹಾಕಿ ಸಮ್ಮಿಗೆ ಬಂದು ಸೇರುತ್ತದೆ. ಇವೆರಡಕ್ಕೂ ಉಸಿರು ಹಿಡಿಯುವ ಕ್ರಮವೇ ಬೇರೆ. ಒಂದರಲ್ಲಿ ಪಳಗಿದ ಶರೀರ ಇನ್ನೊಂದಕ್ಕೆ ಒಗ್ಗಲು ತಿಂಗಳುಗಟ್ಟಲೆ ಒದ್ದಾಡಿರಲೇಬೇಕು. ಯಾವ ತಿರುವು ಕೈಗೆ ಹತ್ತಲಿಲ್ಲ, ಯಾವ ರಾಗದಲ್ಲಿ ಮೊದಲ ಬಾರಿ ಬೀಗ ತೆರೆಯಿತು, ನೀಲಕಂಠಬುವಾ ಕಲಿಸಿದ್ದರಲ್ಲಿ ಯಾವುದನ್ನು ಬಿಡಬೇಕಾಯಿತು, ಯಾವುದನ್ನು ಹಟದಿಂದ ಉಳಿಸಿಕೊಂಡರು? ‘ರಸಯಾತ್ರೆ’ ಇಂಥ ಪ್ರಶ್ನೆಗಳ ಬಾಗಿಲ ತನಕ ಕರೆದೊಯ್ದು ಅಲ್ಲಿ ನಮಸ್ಕಾರ ಮಾಡಿ ನಿಲ್ಲುತ್ತದೆ. ಮಂಜಿ ಖಾನರಿಗೆ ಗ್ವಾಲಿಯರಿನ ರಹಿಮತ್ ಖಾನರ ಗಾಯನದ ಮೇಲೆ ಅಪಾರ ಮೋಹವಿತ್ತು ಎಂಬುದು ಬಲ್ಲವರು ಹೇಳುತ್ತ ಬಂದ ಮಾತು. ಹಾಗಿದ್ದರೆ ಮನಸೂರರ ಹಳೆಯ ತಾಲೀಮು ಹೊಸ ಗುರುವಿನ ಎದುರು ಅಡ್ಡಿಯಾಗುವ ಬದಲು ನೆರವೇ ಆಗಿರಬಹುದು. ಈ ಊಹೆಯನ್ನು ಖಚಿತ ಮಾಡಬಲ್ಲವರು ಅವರೊಬ್ಬರೇ ಇದ್ದರು.

ಅವರು ಬರೆಯದೆ ಬಿಟ್ಟದ್ದನ್ನು ಕೊಂಚಮಟ್ಟಿಗೆ ಮುದ್ರಿಕೆಗಳು ಹೇಳುತ್ತವೆ. ಒಂದು ಮಗ್ಗುಲಿಗೆ ಮೂರೂವರೆ ನಿಮಿಷ ಹಿಡಿಸುತ್ತಿದ್ದ ಹಳೆಯ ತಟ್ಟೆಗಳಲ್ಲಿ, ಗೌಡ ಮಲ್ಹಾರ, ಅಡಾಣಾಗಳಲ್ಲಿ, ಕೇಳಿಸುವುದು ಚುರುಕಾದ, ಏರುದನಿಯ, ತಾನು ತೋರಿಸುವ ಹುಮ್ಮಸ್ಸಿನ ಯುವಕ. ಎಪ್ಪತ್ತು, ಎಂಬತ್ತರ ದಶಕದ ಮುದ್ರಿಕೆಗಳಲ್ಲಿ ಶಿವಮತ ಭೈರವ, ಖಟ್, ಲಚ್ಛಾಸಾಖದಂಥ ಅಪರೂಪದ ರಾಗಗಳನ್ನು ಎತ್ತಿಕೊಂಡಾಗ ಪೀಠಿಕೆಯೇ ಇರುವುದಿಲ್ಲ. ಮೊದಲ ಆವರ್ತದಲ್ಲೇ ರಾಗ ಎದುರು ಬಂದು ನಿಲ್ಲುತ್ತದೆ, ಆಲಾಪ, ಲಯ, ತಾನು ಮೂರೂ ಒಂದರೊಳಗೊಂದು ಸೇರಿ ಹೋಗಿರುತ್ತವೆ. ಈ ಎರಡು ಕಂಠಗಳ ನಡುವಿನ ದಾರಿಯೇ ನಿಜವಾದ ರಸಯಾತ್ರೆ. ಅದರ ನಕ್ಷೆ ಪುಸ್ತಕದಲ್ಲಿ ಅರ್ಧವೇ ಇದೆ. ನನ್ನ ಅಳತೆಗೋಲಿನಲ್ಲಿ ‘ರಸಯಾತ್ರೆ’ ಒಬ್ಬ ದೊಡ್ಡ ಮನುಷ್ಯನನ್ನು ಕಾಣಿಸಿಕೊಡುತ್ತದೆ, ಅವರ ಗಾಯನದ ಒಳಮನೆಯನ್ನು ತೆರೆಯುವುದಿಲ್ಲ.

ಹಾಗೆ ತೆರೆಯುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ಅದೇ ಘರಾಣೆಯ ಮೂಲಪುರುಷರನ್ನು ತೋರಿಸಬಹುದು. ಅಲ್ಲಾದಿಯಾ ಖಾನರು ಮುಪ್ಪಿನಲ್ಲಿ ಮೊಮ್ಮಗ ಅಜೀಜುದ್ದೀನ್ ಖಾನರಿಗೆ ತಮ್ಮ ಬದುಕನ್ನು ಹೇಳಿದರು, ಅದು ಈಗ ಇಂಗ್ಲಿಷಿನಲ್ಲೂ ಇದೆ. ಆಮ್ಲೇಟಾ ಎಂಬ ಪುಟ್ಟ ಸಂಸ್ಥಾನದಲ್ಲಿ ಮಿತಿಮೀರಿ ಹಾಡಿ ಅವರು ಗಂಟಲು ಕಳೆದುಕೊಂಡದ್ದು, ಮರಳಿ ಬಂದ ಧ್ವನಿ ಮೊದಲಿನದಾಗಿರದೆ, ಆ ಧ್ವನಿಗೆ ತಕ್ಕ ಹೊಸ ಗಾಯಕಿಯನ್ನೇ ಕಟ್ಟಿಕೊಂಡದ್ದು ಜೈಪುರ–ಅತ್ರೌಲಿಯ ಹುಟ್ಟಿನ ಕಥೆ. ಇದನ್ನು ತಿಳಿದ ಮೇಲೆ ಆ ಘರಾಣೆಯ ಬಳಸುದಾರಿಯ ತಾನುಗಳು ಬೇರೆ ಅರ್ಥದಲ್ಲಿ ಕೇಳಿಸುತ್ತವೆ. ಅಲ್ಲಿ ಪಾಂಡಿತ್ಯದಷ್ಟೇ ದೇಹದ ಒಂದು ಗಾಯವೂ ಇದೆ.

ಗಂಗೂಬಾಯಿಯವರ ಬದುಕಿನಲ್ಲೂ ಇಂಥದೇ ತಿರುವಿದೆ. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಮೊದಲ ತಟ್ಟೆಗಳಲ್ಲಿರುವುದು ತೆಳುವಾದ, ಮೇಲಿನ ಷಡ್ಜವನ್ನು ಲೀಲೆಯಿಂದ ಮುಟ್ಟುವ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಆ ದನಿ ಹೋಯಿತು. ಬಂದದ್ದು ದಪ್ಪನೆಯ, ಗಂಡುಗಂಟಲಿಗೆ ಹತ್ತಿರದ, ಮಂದ್ರದಲ್ಲಿ ನೆಲ ನಡುಗಿಸುವ ಧ್ವನಿ. ರೇಡಿಯೋದಲ್ಲಿ ಕೇಳಿ ಗಂಡಸೆಂದು ತಿಳಿದವರಿದ್ದರು. ಹೆಣ್ಣುದನಿ ಎಂದರೆ ಕೋಗಿಲೆ ಎಂದು ನಂಬಿದ ಕಾಲದಲ್ಲಿ ಈ ಬದಲಾವಣೆ ವೃತ್ತಿಯನ್ನೇ ಮುಗಿಸಬಹುದಿತ್ತು. ಅವರು ಅದನ್ನು ತಮ್ಮ ಗಾಯನದ ಬೆನ್ನೆಲುಬು ಮಾಡಿಕೊಂಡರು. ಕಿರಾಣಾದ ಒಂದೊಂದೇ ಸ್ವರದ ಬಡತ್‌ಗೆ ಆ ಧ್ವನಿಯ ತೂಕ ಕೊಟ್ಟ ಗಾಂಭೀರ್ಯ, ಆ ಘರಾಣೆಯ ಇತರರಲ್ಲಿ ನನಗೆ ಸಿಕ್ಕಿಲ್ಲ.

ಕಲಿಕೆಯ ವಿಷಯದಲ್ಲೂ ಅವರು ಹೆಚ್ಚು ಬಾಯಿಬಿಟ್ಟಿದ್ದಾರೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅಬ್ದುಲ್ ಕರೀಂ ಖಾನರಂಥವರು ಮನೆಗೆ ಬಂದು ಅವರ ಹಾಡು ಕೇಳಿದ್ದುಂಟು. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ಅವಳ ಗಾಯನದಲ್ಲಿ ತನ್ನ ಪದ್ಧತಿಯ ಗಮಕ ನುಸುಳಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದಳು. ಒಂದು ಸಂಗೀತ ಹುಟ್ಟಲು ಇನ್ನೊಂದು ಸುಮ್ಮನಾಯಿತು. ಇದನ್ನು ತಿಳಿದ ಮೇಲೆ ಗಂಗೂಬಾಯಿಯವರ ಶುದ್ಧ ಕಲ್ಯಾಣವನ್ನೋ ಮಾರವಾವನ್ನೋ ಮೊದಲಿನಂತೆ ಕೇಳಲಾಗುವುದಿಲ್ಲ. ಹುಲಗೂರು ಕೃಷ್ಣಾಚಾರ್ಯರ ಹತ್ತಿರ ಆರಂಭದ ಪಾಠ, ದತ್ತೋಪಂತ ದೇಸಾಯಿಯವರ ಹತ್ತಿರ ಕೆಲಕಾಲ, ಕೊನೆಗೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆಸಿದ ಮೇಲೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ರಾತ್ರಿ ಮರಳುವ ದಿನಚರಿ. ಒಂದು ಪಲುಕನ್ನು ಗುರುಗಳು ಗಂಟೆಗಟ್ಟಲೆ ತಿರುಗಿ ತಿರುಗಿ ಹಾಡಿಸುತ್ತಿದ್ದರಂತೆ. ಜಿಪುಣ ದುಡ್ಡು ಬಿಚ್ಚುವಂತೆ ಸ್ವರವನ್ನು ಬಿಚ್ಚಬೇಕು ಎಂಬುದು ಅವರ ಶಿಕ್ಷಣ. ಈ ಒಂದು ಮಾತು ಕಿರಾಣಾ ಗಾಯಕಿಯ ಮೇಲೆ ಬಂದ ಎಷ್ಟೋ ಪ್ರಬಂಧಗಳಿಗಿಂತ ಹೆಚ್ಚು ಕಲಿಸುತ್ತದೆ. ಗಂಗೂಬಾಯಿ ಮಂದ್ರ ಪಂಚಮದಿಂದ ಷಡ್ಜಕ್ಕೆ ಬರಲು ತೆಗೆದುಕೊಳ್ಳುವ ಹೊತ್ತು ಯಾಕೆ ಅಷ್ಟು ದೀರ್ಘ ಎಂದು ಇದರಿಂದ ತಿಳಿಯುತ್ತದೆ.

ಇವರು ಸಮಾಜವನ್ನೂ ಕಥೆಯ ಹೊರಗಿಡಲಿಲ್ಲ. ಬೀದಿಯಲ್ಲಿ ನಡೆದರೆ ಹಾಡುವವಳೆಂದು ಹಂಗಿಸುತ್ತಿದ್ದ ಧಾರವಾಡ ಅವರ ಬಾಲ್ಯದ ಧಾರವಾಡ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರೊಬ್ಬರು. ಅಂಥ ಹೊತ್ತಿನಲ್ಲೂ ಮನಸ್ಸನ್ನು ಕೊರೆಯುತ್ತಿದ್ದದ್ದು, ಊಟವಾದ ಮೇಲೆ ಎಲೆ ಎತ್ತಲು ಜಾತಿಯ ಕಾರಣಕ್ಕೆ ತನ್ನನ್ನು ಕರೆದಾರೇನೋ ಎಂಬ ಅಂಜಿಕೆ. ಹಾಡಿನ ಹೆಮ್ಮೆಯನ್ನೂ ಎಲೆಯ ಭಯವನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ನಮ್ಮ ಸಂಗೀತಗಾರರ ಬರಹದಲ್ಲಿ ವಿರಳ. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಕೇಸರಬಾಯಿ, ಮೋಗುಬಾಯಿಯಂಥವರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ ಎಂದು ಅವರು ಸಭೆ, ಸಂದರ್ಶನಗಳಲ್ಲಿ ಎತ್ತಿ ಆಡಿದರು. ಕಹಿಯಿಲ್ಲದೆ, ಆದರೆ ಒಂದಿಷ್ಟೂ ಬಿಟ್ಟುಕೊಡದೆ. ಸಂಸಾರದ ಭಾರವೆಲ್ಲ ಕಛೇರಿಗಳ ಮೇಲೆ ಬಿದ್ದಾಗ ರಿಯಾಜಿಗೆ ಎಷ್ಟು ಹೊತ್ತು ಸಿಕ್ಕೀತು ಎಂಬ ಪ್ರಶ್ನೆ ಅವರ ಕಥೆಯಲ್ಲಿ ತಾನಾಗಿ ಏಳುತ್ತದೆ. ಮನಸೂರರ ಕಥೆಯಲ್ಲಿ ಏಳುವುದಿಲ್ಲ, ಏಕೆಂದರೆ ಅಲ್ಲಿ ಮನೆ ನಡೆಸಿದವರು ಪುಟಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಇದು ಒಬ್ಬರ ಲೋಪಕ್ಕಿಂತ ಆ ಕಾಲದ ಗಂಡಸರ ಆತ್ಮಕಥೆಗಳ ರೂಢಿ. ರೂಢಿಯಾದರೂ ಕೊರತೆ ಕೊರತೆಯೇ.

ಕರ್ನಾಟಕ ಸಂಗೀತದ ಕಡೆಯಿಂದ ನಮಗಿರುವ ದೊಡ್ಡ ಕೃತಿ ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’. ಅದರ ಹೆಸರೇ ಹೇಳುವಂತೆ ಅಲ್ಲಿ ಬೆಳಕು ಬೀಳುವುದು ಬೇರೆಯವರ ಮೇಲೆ. ಪಟ್ಣಂ ಸುಬ್ರಹ್ಮಣ್ಯ ಅಯ್ಯರರ ಶಿಷ್ಯರಾಗಿ ಅವರು ಕಂಡ ಗುರುಕುಲ, ಮೈಸೂರು ಆಸ್ಥಾನದ ವಿದ್ವಾಂಸರ ನಡೆನುಡಿ ಎಲ್ಲವೂ ಸೊಗಸಾಗಿ ಬಂದಿವೆ. ಮೆಚ್ಚಲೇಬೇಕಾದ ಪುಸ್ತಕ. ಆದರೆ ವಾಗ್ಗೇಯಕಾರರಾದ ಅವರ ಸ್ವಂತ ಕೃತಿಗಳು ಮನಸ್ಸಿನಲ್ಲಿ ಮೂಡುತ್ತಿದ್ದ ಬಗೆಯನ್ನು ಅಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ.

ಈಗಿನ ಸಂದರ್ಶನಗಳ ಪಾಡು ಇನ್ನೂ ಬಡವಾದದ್ದು. ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ತಟ್ಟೆ ಕೇಳಿ ಮನೆ ಬಿಟ್ಟ ಕಥೆಯನ್ನು ನಾವೆಲ್ಲ ಎಷ್ಟು ಸಲ ಓದಿಲ್ಲ! ಆ ಠುಮರಿಯಲ್ಲಿ ಹನ್ನೊಂದರ ಹುಡುಗನನ್ನು ಹಿಡಿದದ್ದು ಯಾವ ಸ್ವರ, ಯಾವ ಎಳೆತ ಎಂದು ಕೇಳಿದ ಸಂದರ್ಶಕರು ಎಷ್ಟು ಜನ? ಓಡಿಹೋದ ಹುಡುಗನ ಸಾಹಸವೇ ಸುದ್ದಿಯಾಗಿ, ಅವನನ್ನು ಓಡಿಸಿದ ಸಂಗೀತ ಹಿಂದೆ ಉಳಿಯಿತು. ತಪ್ಪು ಕಲಾವಿದರದಲ್ಲ. ಹಾಡುವವರು ಮಾತಿಗೆ ಹಿಂಜರಿಯುವುದು ಸಹಜ. ಅವರಿಂದ ಹೇಳಿಸಬೇಕಾದವರು ಸಂಗೀತ ಬಲ್ಲವರಾಗಿರಬೇಕು, ಪಕ್ಕದಲ್ಲಿ ತಂಬೂರಿ ಇರಬೇಕು, ಹಳೆಯ ಮುದ್ರಿಕೆ ಹಾಕಿ ಇಲ್ಲಿ ಹೀಗೇಕೆ ಹಾಡಿದಿರಿ ಎಂದು ಕೇಳುವಷ್ಟು ಸಲುಗೆ ಇರಬೇಕು.

ಎರಡು ಪುಸ್ತಕಗಳಲ್ಲಿ ಆತ್ಮಕಥೆಯಾಗಿ ಗಂಗೂಬಾಯಿಯವರದೇ ಮೇಲು. ಮನಸೂರರ ಮಗ, ಸ್ವತಃ ಗಾಯಕರಾಗಿದ್ದ ರಾಜಶೇಖರ ಮನಸೂರರು ‘ರಸಯಾತ್ರೆ’ಯನ್ನು 2005ರಲ್ಲಿ ಇಂಗ್ಲಿಷಿಗೆ ತಂದರು. ಕನ್ನಡದಲ್ಲಿ ಅದಕ್ಕೆ ಆಗಬೇಕಾದ ಕೆಲಸ ಇನ್ನೊಂದಿದೆ. ಈ ಎರಡೂ ಕೃತಿಗಳನ್ನು ಮುಂದೆ ಅಚ್ಚು ಹಾಕುವ ಪ್ರಕಾಶಕರು ದಯವಿಟ್ಟು ಬರೀ ಮರುಮುದ್ರಣಕ್ಕೆ ತೃಪ್ತರಾಗಬಾರದು. ಹೆಸರು ಬಂದ ರಾಗಗಳಿಗೆ, ಘರಾಣೆಗಳಿಗೆ ಬಲ್ಲವರಿಂದ ಟಿಪ್ಪಣಿ ಬರೆಸಿ, ಮೂವತ್ತರ ದಶಕದ ತಟ್ಟೆಗಳನ್ನೂ ಮುಪ್ಪಿನ ಕಾಲದ ಆಕಾಶವಾಣಿ ಮುದ್ರಿಕೆಗಳನ್ನೂ ಪುಸ್ತಕದ ಜೊತೆಗೆ ಕೇಳುವಂತೆ ಮಾಡಬೇಕು. ಇವತ್ತಿನ ಹಿರಿಯ ಗಾಯಕರ ಶಿಷ್ಯರಲ್ಲಿ ನನ್ನ ಕೋರಿಕೆ ಇನ್ನೂ ಸರಳ: ಗುರುಗಳು ಪಾಠ ಹೇಳುವಾಗ ನಡುನಡುವೆ ಆಡುವ ಮಾತುಗಳನ್ನು, ಅವರು ಒಪ್ಪಿದರೆ, ಧ್ವನಿಮುದ್ರಿಸಿ ಇಟ್ಟುಕೊಳ್ಳಿ.