ತಾನಾಗಿ ಕೂರುವ ಹೊತ್ತು

ಪ್ರೊಸೆಸರನ್ನು ಸಾಕೆಟ್ಟಿಗೆ ಒತ್ತಿ ಕೂರಿಸಬಾರದು. ಎರಡು ಬೆರಳ ತುದಿಯಲ್ಲಿ ಅಂಚು ಹಿಡಿದು, ಮೂಲೆಯಲ್ಲಿರುವ ಚಿನ್ನದ ಬಣ್ಣದ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಮೆಲ್ಲಗೆ ಇಳಿಸಿ ಕೈಬಿಟ್ಟರೆ ತನ್ನ ತೂಕಕ್ಕೇ ಕೂರುತ್ತದೆ. ನಾಲ್ಕು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಬಿಲ್ಲೆ ಅದು. ಕೆಳಗೆ ಸಾಕೆಟ್ಟಿನಲ್ಲಿ ಕೂದಲೆಳೆಯಂಥ 1718 ಪಿನ್ನುಗಳು. ಒಂದೊಂದೂ ತನಗೆ ಮೀಸಲಾದ ಚುಕ್ಕಿಯನ್ನೇ ಮುಟ್ಟಬೇಕು, ಮುಟ್ಟುತ್ತದೆ. ಕಂಪ್ಯೂಟರ್ ಜೋಡಿಸುವ ಕೆಲಸದಲ್ಲಿ ಇದಕ್ಕಿಂತ ಚೆಂದದ ಗಳಿಗೆಯನ್ನು ನಾನು ಕಂಡಿಲ್ಲ. ಆದರೆ ಈ ಗಳಿಗೆಯ ಸೊಗಸು ಇರುವುದು ಇದಕ್ಕಿಂತ ಎಷ್ಟೋ ದಿನ ಮೊದಲು, ಕಾಗದದ ಮೇಲೆ ಒಂದಕ್ಕೊಂದು ತಾಳೆ ನೋಡಿದ ಸಂಜೆಗಳಲ್ಲಿ.

ಅಕ್ಕನ ಮಗಳು ಅನಿಮೇಷನ್ ಓದುತ್ತಿದ್ದಾಳೆ. "ಮಾಮಾ, ಲ್ಯಾಪ್‌ಟಾಪ್ ಬೇಡ, ನಾವೇ ಕೂತು ಜೋಡಿಸೋಣ" ಎಂದಳು. ಎರಡು ವಾರ ಊಟ ಮುಗಿಸಿ ಇಬ್ಬರೂ ಒಂದು ನೋಟ್‌ಬುಕ್ ಹಿಡಿದು ಕೂತೆವು. ಅವಳ ಕೆಲಸವೆಲ್ಲ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು. ಕೈಗೆಟುಕುವಂಥದ್ದೆಂದು ಆರ್‌ಟಿಎಕ್ಸ್ 4060. ಪ್ರೊಸೆಸರ್, ಎಎಂಡಿಯ ಆರು ಕೋರಿನ ರೈಜೆನ್ 5 7600. ಅದನ್ನು ಬರೆದ ಮರುಗಳಿಗೆಗೇ ಮುಂದಿನ ಸಾಲುಗಳು ತಾವಾಗಿ ಕಿರಿದಾಗತೊಡಗಿದವು: ಸಾಕೆಟ್ ಎಎಂ5 ಆಗಲೇಬೇಕು, ಸಾಕೆಟ್ ಅದಾದರೆ ರ್‍ಯಾಮ್ ಡಿಡಿಆರ್5 ಆಗಲೇಬೇಕು. ನೂರಾರು ಸರಕುಗಳ ಗದ್ದಲದಿಂದ ನಮಗೆ ಬೇಕಾದ ನಾಲ್ಕೈದು ಮಾತ್ರ ಉಳಿಯುತ್ತಾ ಹೋಗುವುದನ್ನು ನೋಡುವುದೇ ಒಂದು ಸುಖ.

ರ್‍ಯಾಮ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಡಿಡಿಆರ್4 ಆಗಲಿ, ಡಿಡಿಆರ್5 ಆಗಲಿ, ಎರಡಕ್ಕೂ 288 ಪಿನ್ನು, ಉದ್ದವೂ ಒಂದೇ. ಮೇಲ್ನೋಟಕ್ಕೆ ಅವಳಿಗಳು. ಚಿನ್ನದ ಬಣ್ಣದ ಹಲ್ಲುಗಳ ನಡುವೆ ಒಂದು ಕಚ್ಚು ಇದೆಯಲ್ಲ, ಅದೊಂದು ಮಾತ್ರ ಕೊಂಚ ಆಚೀಚೆ. ಹಳೆಯದಕ್ಕೆ 1.2 ವೋಲ್ಟ್ ಬೇಕು, ಹೊಸದಕ್ಕೆ 1.1 ಸಾಕು, ಆ ವಿದ್ಯುತ್ತನ್ನು ಹದಮಾಡುವ ಚಿಪ್ಪು ಈಗ ಮದರ್‌ಬೋರ್ಡಿನಿಂದ ರ್‍ಯಾಮ್ ಪಟ್ಟಿಯ ಮೇಲಕ್ಕೇ ಬಂದಿದೆ. ಇಷ್ಟೆಲ್ಲ ಒಳಭೇದ ತಿಳಿಯದವರ ಕೈಗೂ ತಪ್ಪು ನಡೆಯದಿರಲಿ ಎಂದು ಯಾರೋ ಒಬ್ಬರು ಆ ಕಚ್ಚನ್ನು ಸರಿಸಿದ್ದಾರೆ. ಎಚ್ಚರಿಕೆಯ ಫಲಕವಿಲ್ಲ, ಕೆಂಪು ಅಕ್ಷರವಿಲ್ಲ. ಹೊಂದದ್ದು ಒಳಗೆ ಹೋಗುವುದೇ ಇಲ್ಲ, ಅಷ್ಟೆ. ಒಳ್ಳೆಯ ಕೆಲಸಗಾರನ ಕಾಳಜಿ ಎಂದರೆ ಇದು.

ಇನ್ನೊಂದು ಸಂಗತಿ ನನ್ನನ್ನು ಯಾವಾಗಲೂ ತಟ್ಟುತ್ತದೆ. ಎಎಂಡಿ ಪ್ರೊಸೆಸರಿನ ಬೋರ್ಡು ಕ್ಯಾಬಿನೆಟ್ಟಿನೊಳಗೆ ಕೂರುವುದು ಎಟಿಎಕ್ಸ್ ಅಳತೆಯ ಹಿತ್ತಾಳೆ ಗುಬ್ಬಿಗಳ ಮೇಲೆ. ಆ ಅಳತೆಯನ್ನು 1995ರಲ್ಲಿ ಗೊತ್ತುಮಾಡಿದ್ದು ಎಎಂಡಿಯ ಪ್ರತಿಸ್ಪರ್ಧಿ ಇಂಟೆಲ್. ಇತ್ತ ಇಂಟೆಲ್ ಪ್ರೊಸೆಸರುಗಳು ಇವತ್ತು ಓದುವ 64 ಬಿಟ್ ಆದೇಶಗಳ ಭಾಷೆಯನ್ನು ಮೊದಲು ಕಟ್ಟಿದ್ದು ಎಎಂಡಿ. ಅಂಗಡಿಯಲ್ಲಿ ಹಾವು ಮುಂಗುಸಿಯಂತೆ ಸೆಣಸುವ ಎರಡು ಕಂಪನಿಗಳು ಪೆಟ್ಟಿಗೆಯ ಒಳಗೆ ಒಂದರ ಅಳತೆಗೆ ಇನ್ನೊಂದು ಮೂವತ್ತು ವರ್ಷದಿಂದ ಮಾತು ಉಳಿಸಿಕೊಂಡಿವೆ. ಹಾಗೆಯೇ, ಹಿಂದಿನ ಎಎಂ4 ಯಂತ್ರಕ್ಕೆಂದು ನಾನು ಕೊಂಡಿದ್ದ ಕೂಲರ್ ಮನೆಯಲ್ಲಿತ್ತು. ಸಾಕೆಟ್ ಬದಲಾದರೂ ಸುತ್ತಲಿನ ನಾಲ್ಕು ಸ್ಕ್ರೂಗಳ ಅಂತರವನ್ನು ಎಎಂಡಿ ಬದಲಿಸಿಲ್ಲ. ಹಳೆಯ ಕೂಲರ್ ಹೊಸ ಬೋರ್ಡಿನ ಮೇಲೆ ನಿನ್ನೆ ಮೊನ್ನೆ ತಂದದ್ದರಂತೆ ಕೂತಿತು. ಎತ್ತರ 155 ಮಿಲಿಮೀಟರ್. ಕ್ಯಾಬಿನೆಟ್ಟಿನಲ್ಲಿದ್ದ ಜಾಗ 160. ಆ ಐದು ಮಿಲಿಮೀಟರಿನ ನೆಮ್ಮದಿಯನ್ನು ಅಳೆದು ನೋಡಿದವರೇ ಬಲ್ಲರು.

ಎಲ್ಲವೂ ಆ ಕಚ್ಚಿನಷ್ಟು ಪ್ರಾಮಾಣಿಕವಲ್ಲ ಎಂಬುದನ್ನೂ ಹೇಳಬೇಕು. ಎಲ್ಲಕ್ಕೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ನ ಲೆಕ್ಕವೇನೋ ಸುಲಭ: ಕಾರ್ಡಿಗೆ 115 ವ್ಯಾಟ್, ಪ್ರೊಸೆಸರಿಗೆ ಹೆಚ್ಚೆಂದರೆ 88, ಉಳಿದದ್ದಕ್ಕೆ ಐವತ್ತು ಹಿಡಿದರೂ 550 ವ್ಯಾಟಿನದು ಧಾರಾಳ. ಅಪಾಯ ಇರುವುದು ಬಿಚ್ಚಿ ಸಿಕ್ಕಿಸುವ ಕೇಬಲ್ಲುಗಳಲ್ಲಿ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ತಂತಿಗಳ ಕ್ರಮಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಆಕಾರ ಹೊಂದುತ್ತದೆ, ಒಳಗಿನ ವೋಲ್ಟೇಜು ಅದಲುಬದಲಾಗಿರುತ್ತದೆ. ಕೆಲವು ವರ್ಷದ ಹಿಂದೆ ಸ್ನೇಹಿತರ ಯಂತ್ರಕ್ಕೆ ಹೊಸ ಎಸ್‌ಎಂಪಿಎಸ್ ಹಾಕುವಾಗ ಹಳೆಯದರ ಕೇಬಲ್ಲನ್ನೇ ಉಳಿಸಿಕೊಂಡೆವು. ಸ್ವಿಚ್ ಹಾಕಿದ ಕೂಡಲೇ ಎಸ್‌ಎಸ್‌ಡಿ ಸುಟ್ಟಿತು, ಜೊತೆಗೆ ಅವರ ಮಗಳ ಮೊದಲ ಎರಡು ವರ್ಷದ ಫೋಟೋಗಳೂ. ಸಲೀಸಾಗಿ ಒಳಹೋದದ್ದೆಲ್ಲ ಹೊಂದಿಕೊಂಡಿತೆಂದು ಅಂದಿನಿಂದ ನಾನು ನಂಬುವುದಿಲ್ಲ. ಕೇಬಲ್ಲು ಅದೇ ಪೆಟ್ಟಿಗೆಯಿಂದ ಬಂದಿರಬೇಕು.

ಪಟ್ಟಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಸಾದರ್ ಪತ್ರಪ್ಪನವರ ಹೆಸರಿನ ಆ ಇಕ್ಕಟ್ಟು ಬೀದಿಯಲ್ಲಿ ಸೂರಿನವರೆಗೆ ಪೇರಿಸಿಟ್ಟ ಬೋರ್ಡಿನ ಡಬ್ಬಗಳ ನಡುವೆ ನಿಂತರೆ ನನಗೆ ಈಗಲೂ ಹುಮ್ಮಸ್ಸು ಬರುತ್ತದೆ. ರ್‍ಯಾಮ್ ಕೇಳಿದಾಗ ಅಂಗಡಿಯವರು ಡಬ್ಬಕ್ಕೆ ಕೈಹಾಕಲಿಲ್ಲ. "ಯಾವ ಬೋರ್ಡಿಗೆ ಸಾರ್?" ಎಂದು ಮೊದಲು ಕೇಳಿದರು. ಹೇಳಿದೆ. ಬೋರ್ಡಿನ ಕಂಪನಿ ಪರೀಕ್ಷಿಸಿ ನೋಡಿದ ರ್‍ಯಾಮ್‌ಗಳ ಪಟ್ಟಿಯನ್ನು ಫೋನಿನಲ್ಲಿ ತೆರೆದು, ಬೆರಳಿಟ್ಟು ತೋರಿಸಿ, ಆಮೇಲೆ 16 ಜಿಬಿಯ ಜೋಡಿಯನ್ನು ಕೊಟ್ಟರು. ಅಂಥವರ ಹತ್ತಿರ ನೂರು ರೂಪಾಯಿ ಹೆಚ್ಚಾದರೂ ನಾನು ಚೌಕಾಸಿ ಮಾಡುವುದಿಲ್ಲ.

ಭಾನುವಾರ ಊಟದ ಮೇಜಿನ ಮೇಲೆ ಅವಳೇ ಎಲ್ಲ ಜೋಡಿಸಿದಳು. ನಾನು ಸ್ಕ್ರೂ ಎತ್ತಿಕೊಟ್ಟೆ. ರ್‍ಯಾಮನ್ನು ಎರಡನೆಯ ಮತ್ತು ನಾಲ್ಕನೆಯ ಕಿಂಡಿಗೆ ಒತ್ತಿದಾಗ ಕೊಂಡಿ ಟಕ್ಕೆಂದಿತು. ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಮೇಲೊಂದು ಕಿತ್ತಳೆ ದೀಪ. ಒಂದು ನಿಮಿಷ, ಎರಡು ನಿಮಿಷ. ಅವಳ ಮುಖ ಬಾಡಿತು. "ಆಫ್ ಮಾಡಬೇಡ, ಕಾಯಿ" ಎಂದೆ. ಎಎಂ5 ಬೋರ್ಡುಗಳು ಮೊದಲ ಸಲ ಹೊತ್ತುವಾಗ ತಮ್ಮ ರ್‍ಯಾಮಿನ ಗುಣವನ್ನು ಕಲಿಯುತ್ತವೆ: ಯಾವ ಸಂಕೇತ ಎಷ್ಟು ಬೇಗ ತಲುಪುತ್ತದೆ, ಎಲ್ಲಿ ಎಷ್ಟು ತಡೆದು ಕಳಿಸಬೇಕು ಎಂದು ಒಂದೊಂದನ್ನೂ ಕಳಿಸಿ, ಕೇಳಿ, ತಿದ್ದಿಕೊಳ್ಳುತ್ತವೆ. ಕಛೇರಿಗೆ ಮೊದಲು ತಂಬೂರಿಯ ಬಿರಡೆ ತಿರುವುತ್ತಾ ಶ್ರುತಿ ಸೇರಿಸುವ ಹೊತ್ತಿದೆಯಲ್ಲ, ಅದೇ ಇದು. ನಾಲ್ಕನೆಯ ನಿಮಿಷಕ್ಕೆ ಪರದೆ ಬೆಳಗಿತು: 32 ಜಿಬಿ, ವೇಗ 4800. ಬಯಾಸ್‌ನಲ್ಲಿ ರ್‍ಯಾಮಿನ ವೇಗ ಏರಿಸುವ ಎಕ್ಸ್‌ಪೋ ಆನ್ ಮಾಡಿದ ಮೇಲೆ 6000. ಅವಳು ಕೈ ಚಪ್ಪಾಳೆ ತಟ್ಟಿ ಅಮ್ಮನನ್ನು ಕೂಗಿದಳು.

ಎಎಂ5 ಸಾಕೆಟ್ಟನ್ನು ಕನಿಷ್ಠ 2027ರವರೆಗೆ ಉಳಿಸಿಕೊಳ್ಳುವುದಾಗಿ ಎಎಂಡಿ ಹೇಳಿದೆ. ಅವಳ ಓದು ಮುಗಿದು ಸಂಬಳ ಬಂದಾಗ ಬೋರ್ಡು ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ನೀವೂ ಜೋಡಿಸುವುದಾದರೆ ಒಂದು ಮಾತು: ಪ್ರೊಸೆಸರ್ ಕೂರಿಸಿ ಸನ್ನೆಯನ್ನು ಒತ್ತಿದಾಗ ಸಾಕೆಟ್ಟಿನ ಮೇಲಿಂದ ಕಪ್ಪು ಪ್ಲಾಸ್ಟಿಕ್ ಮುಚ್ಚಳವೊಂದು ಚಿಮ್ಮಿ ಬರುತ್ತದೆ. ಅದನ್ನು ಎಸೆಯಬೇಡಿ, ಬೋರ್ಡಿನ ಡಬ್ಬದಲ್ಲಿ ಹಾಕಿಡಿ. ವಾರಂಟಿಗೆ ಬೋರ್ಡನ್ನು ಕಳಿಸಬೇಕಾಗಿ ಬಂದರೆ ಆ ಪಿನ್ನುಗಳ ಮೇಲೆ ಅದೇ ಮುಚ್ಚಳ ಇರಬೇಕು.