ತುಂಬಿದ ಮೇಲೆ ಏನು ಮಾಡುತ್ತದೆ?

ಕಾರಿನ ಬ್ಯಾಟರಿಗೆ ಮನೆಯಲ್ಲೇ ಒಂದು ಚಾರ್ಜರ್ ಇರಲಿ ಎಂದು ಬೆಂಗಳೂರಿನ ಜೆ.ಸಿ. ರೋಡಿಗೋ ಎಸ್.ಪಿ. ರೋಡಿಗೋ ಹೋದರೆ ಮಾತು ಶುರುವಾಗುವುದೇ ಆಂಪಿಯರ್‌ನಿಂದ. ಐದರದ್ದು ಬೇಕೋ, ಹತ್ತರದ್ದೋ, ಇಪ್ಪತ್ತರದ್ದೋ? ‘ದೊಡ್ಡದೇ ತಗೊಳ್ಳಿ ಸಾರ್, ಬೇಗ ಆಗುತ್ತೆ’ ಎಂಬ ಸಲಹೆ ಪುಕ್ಕಟೆ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೂ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಅದೇ ಸಂಖ್ಯೆ. ಬ್ಯಾಟರಿ ತುಂಬಿದ ಮೇಲೆ ಈ ಯಂತ್ರ ಏನು ಮಾಡುತ್ತದೆ ಎಂದು ಕೇಳುವವರು ಕಡಿಮೆ. ಮನೆಗೆ ಚಾರ್ಜರ್ ಆರಿಸುವಾಗ ನಾನು ಮೊದಲು ಕೇಳುವುದು ಅದನ್ನೇ.

ಮನೆಯ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಇಳಿಯುವುದು ನಿಂತಲ್ಲೇ. ಅಲಾರಂ, ರಿಮೋಟ್ ಲಾಕ್, ಗಡಿಯಾರ, ಎಂಜಿನ್ನಿನ ಕಂಪ್ಯೂಟರು ಎಲ್ಲ ಸೇರಿ 30ರಿಂದ 50 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತವೆ. 50 ಎಂದೇ ಹಿಡಿದರೆ ದಿನಕ್ಕೆ 1.2 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಬಂದಿರುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಕಾರಿಗೂ ಇದೇ ಪಾಡು, ಸ್ವಲ್ಪ ತಡವಾಗಿ. ಹೀಗೆ ಅರೆಖಾಲಿಯಾಗಿ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತದೆ, ಸಾಮರ್ಥ್ಯ ತಗ್ಗುತ್ತದೆ. ಇಂಥ ಕಾಯಿಲೆಗೆ ಇಪ್ಪತ್ತು ಆಂಪಿಯರ್‌ನ ಅವಸರ ಬೇಕಿಲ್ಲ. ರಾತ್ರಿಯಿಡೀ ನಿಧಾನವಾಗಿ ತುಂಬಿ, ಆಮೇಲೆ ಕಾಯ್ದುಕೊಂಡಿರುವ ಯಂತ್ರ ಸಾಕು.

ಗ್ಯಾರೇಜುಗಳಲ್ಲಿ ಇವತ್ತಿಗೂ ಕಾಣುವ ಹಳೆಯ ಕಬ್ಬಿಣದ ಡಬ್ಬಿಯ ಚಾರ್ಜರ್ ಬಗ್ಗೆ ನನಗೆ ಗೌರವವಿದೆ. ಒಳಗೊಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಮುಂದೆ ಮುಳ್ಳಿನ ಆಂಪಿಯರ್ ಮೀಟರು. ಕೆಟ್ಟರೆ ಬೀದಿ ಕೊನೆಯ ವೈಂಡಿಂಗ್ ಅಂಗಡಿಯಲ್ಲೇ ಸರಿಹೋಗುತ್ತದೆ. ಪೂರ್ತಿ ಸತ್ತಂತೆ ಬಿದ್ದ ಬ್ಯಾಟರಿಗೂ ಯಾವ ತಕರಾರಿಲ್ಲದೆ ಕರೆಂಟು ತುಂಬುತ್ತದೆ. ಆದರೆ ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ವೋಲ್ಟೇಜು 14.4 ದಾಟಿದ ಮೇಲೂ ತಳ್ಳುತ್ತ ಹೋದರೆ ಒಳಗಿನ ನೀರು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಪಾಸಿಟಿವ್ ಪ್ಲೇಟಿನ ಜಾಲರಿ ಸವೆಯುತ್ತದೆ. ಗ್ಯಾರೇಜಿನಲ್ಲಿ ಮುಳ್ಳು ಇಳಿದದ್ದು ನೋಡಿ ತೆಗೆಯುವ ಹುಡುಗನಿರುತ್ತಾನೆ, ಬಾಟಲಿಯಲ್ಲಿ ಡಿಸ್ಟಿಲ್ಡ್ ವಾಟರ್ ಇರುತ್ತದೆ. ಮನೆಯಲ್ಲಿ ನಾವು ಸ್ವಿಚ್ ಹಾಕಿ ಮಲಗುತ್ತೇವೆ. ಈಗಿನ ಮುಚ್ಚಿದ ಬ್ಯಾಟರಿಗಳಲ್ಲಂತೂ ಹೋದ ನೀರನ್ನು ತುಂಬಲು ಬಾಯಿಯೇ ಇಲ್ಲ. ಬೆಲೆ ಕಡಿಮೆ ಎಂದು ಇದನ್ನು ಮನೆಗೆ ತರುವುದು ನನಗೆ ಒಪ್ಪಿಗೆಯಿಲ್ಲ.

ಸ್ಮಾರ್ಟ್ ಎನ್ನಿಸಿಕೊಂಡ ಚಾರ್ಜರುಗಳ ಪೈಕಿ ಸ್ವೀಡನ್ನಿನ ಸಿಟೆಕ್ ಕಂಪನಿಯ ಎಂಎಕ್ಸ್‌ಎಸ್ 5.0 ಒಳ್ಳೆಯ ಮಾದರಿ. ಹೆಚ್ಚೆಂದರೆ 5 ಆಂಪಿಯರ್. ವೋಲ್ಟೇಜನ್ನು 14.4ಕ್ಕೆ ಏರಿಸಿ, ಅಲ್ಲೇ ಹಿಡಿದು, ಬ್ಯಾಟರಿ ಎಳೆಯುವ ಕರೆಂಟು ಕಡಿಮೆಯಾದ ಮೇಲೆ 13.6ಕ್ಕೆ ಇಳಿದು ಕಾಯುತ್ತದೆ. ಆ ಇಳಿಯುವ ಹೆಜ್ಜೆಗೇ ನಾವು ದುಡ್ಡು ಕೊಡುವುದು. ಚಾರ್ಜಿನ ಕರೆಂಟು ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟಿರಲಿ ಎಂಬುದು ಬ್ಯಾಟರಿ ಅಂಗಡಿಯವರ ಹಳೆಯ ಲೆಕ್ಕ. ಆ ಪ್ರಕಾರ 35ರಿಂದ 65 ಆಂಪಿಯರ್-ಅವರ್‌ವರೆಗಿನ ಬ್ಯಾಟರಿಯಿರುವ ನಮ್ಮ ಬಹುಪಾಲು ಕಾರುಗಳಿಗೆ ನಾಲ್ಕೈದು ಆಂಪಿಯರ್ ಸರಿಹೊಂದುತ್ತದೆ. ಬೆಲೆ ಜಾಸ್ತಿಯೇ. ಅದರ ಮೇಲಿನ ಹಿಮದ ಹರಳಿನ ಚಿತ್ರದ ಆಯ್ಕೆಯನ್ನು ಕಂಡು ನಕ್ಕವರಿದ್ದಾರೆ. ಸ್ವೀಡನ್ನಿನ ಚಳಿಗೆ ಇಟ್ಟದ್ದು ನಿಜ, ಆದರೆ ಅದು ಕೊಡುವ 14.7 ವೋಲ್ಟು ಸ್ಟಾರ್ಟ್-ಸ್ಟಾಪ್ ಕಾರುಗಳ ಎಜಿಎಂ ಬ್ಯಾಟರಿಗಳಿಗೂ ಬೇಕಾಗುತ್ತದೆ. ಮಾಮೂಲಿ ಬ್ಯಾಟರಿಯಿದ್ದವರು ಅದನ್ನು ಮುಟ್ಟದಿದ್ದರಾಯಿತು.

ನಮಗೆ ಮುಖ್ಯವಾದದ್ದು ಸೆಖೆ. 12 ವೋಲ್ಟಿನ ಬ್ಯಾಟರಿಗೆ ಬಿಸಿ ಒಂದೊಂದು ಡಿಗ್ರಿ ಏರಿದಂತೆ ಚಾರ್ಜಿನ ವೋಲ್ಟೇಜು ಸುಮಾರು 20 ಮಿಲಿವೋಲ್ಟ್ ತಗ್ಗಬೇಕು. 25 ಡಿಗ್ರಿಯಲ್ಲಿ 14.4 ಸರಿಯಾದರೆ, ಏಪ್ರಿಲಿನ ರಾಯಚೂರಿನಲ್ಲಿ, 40 ದಾಟಿದ ಮಧ್ಯಾಹ್ನ, 14.1 ಸಾಕು. ತಾಪ ನೋಡಿಕೊಳ್ಳುವ ವ್ಯವಸ್ಥೆ ಅಗ್ಗದ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥದ್ದನ್ನು ಕೊಂಡವರು ರಾತ್ರಿ ಹೊತ್ತು, ಬಾನೆಟ್ ತೆರೆದು ಚಾರ್ಜಿಗೆ ಹಾಕಲಿ. ಮಡಿಕೇರಿಯವರಿಗೆ ಈ ತಲೆಬಿಸಿ ಇಲ್ಲ.

‘ರಿಪೇರಿ’ ಗುಂಡಿಯನ್ನು ನಂಬಿ ಚಾರ್ಜರ್ ಕೊಳ್ಳುವವರೂ ಇದ್ದಾರೆ. ಮಿಡಿತದ ಕರೆಂಟು ಹರಿಸಿ ಹರಳು ಕರಗಿಸಿ ಸತ್ತ ಬ್ಯಾಟರಿಯನ್ನು ಬದುಕಿಸುತ್ತೇವೆ ಎಂಬ ಜಾಹೀರಾತು ಸಂಜೀವಿನಿ ಮಾರುವವರ ಮಾತಿನ ಹಾಗಿದೆ. ಹೊಸದಾಗಿ ಕೂತ ಸಲ್ಫೇಟನ್ನು ನಿಧಾನದ ಪೂರ್ಣ ಚಾರ್ಜೇ ಬಹುಮಟ್ಟಿಗೆ ಕರಗಿಸುತ್ತದೆ. ಉದುರಿದ ಪ್ಲೇಟನ್ನು, ಶಾರ್ಟ್ ಆದ ಸೆಲ್ಲನ್ನು ಯಾವ ಗುಂಡಿಯೂ ಸರಿಮಾಡದು. ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. 10.5ರ ಹತ್ತಿರಕ್ಕೆ ಬಂದು ನಿಂತರೆ ಆರರಲ್ಲಿ ಒಂದು ಸೆಲ್ ಹೋಗಿದೆ, ಹೊಸದಕ್ಕೆ ದುಡ್ಡು ಹೊಂದಿಸಿಕೊಳ್ಳಿ.

ಸ್ಮಾರ್ಟ್ ಚಾರ್ಜರಿನ ಒಂದು ಜಾಣತನ ಕೆಲವೊಮ್ಮೆ ನಮಗೇ ತೊಡಕು. ತೀರಾ ಇಳಿದ ಬ್ಯಾಟರಿಯನ್ನು ಎಷ್ಟೋ ಮಾದರಿಗಳು ಬ್ಯಾಟರಿ ಎಂದೇ ಗುರುತಿಸುವುದಿಲ್ಲ. ಕ್ಲಿಪ್ ಹಾಕಿದರೂ ದೀಪ ಮಿನುಗಿಸಿ ಸುಮ್ಮನಾಗುತ್ತವೆ. ಎಷ್ಟು ವೋಲ್ಟಿನಿಂದ ಶುರುಮಾಡುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಓದಿಯೇ ಕೊಳ್ಳುವುದು ಲೇಸು. ಅಮೆರಿಕದಿಂದ ಬರುವ ಮಗಳಿಗೋ ಭಾವನಿಗೋ ಹೇಳಿ ತರಿಸುವವರು ಇನ್ನೊಂದನ್ನೂ ಓದಬೇಕು: ಅಲ್ಲಿನ ಕೆಲವು ಚಾರ್ಜರುಗಳು 120 ವೋಲ್ಟಿಗೆ ಮಾತ್ರ. ನಮ್ಮ 230ಕ್ಕೆ ಸಿಕ್ಕಿಸಿದರೆ ಹೊಗೆ ಬಂದೀತು.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಅದಕ್ಕೇ ಕಾರಿನ ಬ್ಯಾಟರಿ ಜೋಡಿಸಿದರಾಯಿತು ಎನ್ನುವ ಜಾಣರನ್ನೂ ಕಂಡಿದ್ದೇನೆ. ಅದು 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಗೆಂದು 10-15 ಆಂಪಿಯರ್ ಕೊಡುವ ಯಂತ್ರ. ಅಷ್ಟನ್ನು 35ರ ಬ್ಯಾಟರಿಗೆ ನುಗ್ಗಿಸುವುದು ಬೇಡ. ನಡುವೆ ಕರೆಂಟು ಹೋದರೆ ಇಡೀ ಮನೆಯ ಫ್ಯಾನು ಕಾರಿನ ಬ್ಯಾಟರಿಯ ಮೇಲೆ ತಿರುಗುತ್ತದೆ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟೇ ಇಲ್ಲದವರಿಗೆ ಈ ಚರ್ಚೆಯೆಲ್ಲ ವ್ಯರ್ಥ. ಹತ್ತು ಕೆಜಿ ಆಸುಪಾಸಿನ ಬ್ಯಾಟರಿಯನ್ನು ಕಳಚಿ ಲಿಫ್ಟಿನಲ್ಲಿ ಮೇಲೆ ತರುವುದಾದರೆ ಅದನ್ನು ಗಾಳಿಯಾಡುವ ಬಾಲ್ಕನಿಯಲ್ಲಿಡಿ, ಮಲಗುವ ಕೋಣೆಯಲ್ಲಲ್ಲ. ಕಾರಿನಲ್ಲೇ ಚಾರ್ಜ್ ಮಾಡುವವರು ಮೊದಲು ಪಾಸಿಟಿವ್ ಕ್ಲಿಪ್ ಹಾಕಿ, ನೆಗೆಟಿವನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಅಥವಾ ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಗೋಡೆಯ ಸ್ವಿಚ್ಚನ್ನು ಕೊನೆಗೆ ಒತ್ತಬೇಕು. ಕಿಡಿ ಹಾರಿದರೂ ಹೈಡ್ರೋಜನ್ ಇರುವಲ್ಲಿ ಹಾರದಿರಲಿ ಎಂದು ಈ ಕ್ರಮ.

ಇಷ್ಟಾಗಿ, ಕಾರನ್ನು ದಿನಾ ಇಪ್ಪತ್ತು-ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಚಾರ್ಜರ್ ಬೇಡ ಎಂಬುದೇ ನನ್ನ ತೀರ್ಪು. ಅವರು ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ಕೊಳ್ಳಲಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಸಾಧಾರಣವಾಗಿ 13.8ರಿಂದ 14.4 ವೋಲ್ಟ್ ಕಾಣಬೇಕು. 12.5ರಲ್ಲೇ ನಿಂತಿದ್ದರೆ ದೋಷ ಆಲ್ಟರ್ನೇಟರಿನಲ್ಲೋ ಅದರ ಬೆಲ್ಟಿನಲ್ಲೋ ಇರುವುದೇ ಹೆಚ್ಚು, ತೋರಿಸಬೇಕಾದ್ದು ಆಟೊ ಎಲೆಕ್ಟ್ರಿಷಿಯನ್‌ಗೆ.