ತಾಯಿಮಣ್ಣಿನ ರೂಪಕ ಮತ್ತು ಪೀಣ್ಯದ ಕೆಮ್ಮಣ್ಣು

ಕನ್ನಡ ಜಾನಪದ ಅಧ್ಯಯನಗಳಲ್ಲಿ ಮಣ್ಣು ಬಹುಮಟ್ಟಿಗೆ ರೂಪಕವಾಗಿಯೇ ಉಳಿದಿದೆ. ಭೂಮಿತಾಯಿ ಎಲ್ಲವನ್ನೂ ಒಡಲಲ್ಲಿರಿಸಿಕೊಂಡು ಅರಗಿಸಿಕೊಳ್ಳುತ್ತಾಳೆ ಎಂಬ ನಂಬಿಕೆಯನ್ನು ನಾವು ಸಂಗ್ರಹಿಸಿದ್ದೇವೆ, ವರ್ಗೀಕರಿಸಿದ್ದೇವೆ, ಕೊಂಡಾಡಿದ್ದೇವೆ. ಪರೀಕ್ಷೆಗೆ ಒಡ್ಡಿದ್ದು ಕಡಿಮೆ. ಈ ನಂಬಿಕೆಯ ಮಿತಿಯನ್ನು ಅರಿಯಲು ಟಿ. ದಾಸರಹಳ್ಳಿಗೆ ಹೊಂದಿಕೊಂಡಿರುವ ಪೀಣ್ಯ ಕೈಗಾರಿಕಾ ಪ್ರದೇಶಕ್ಕಿಂತ ತಕ್ಕ ಕ್ಷೇತ್ರ ಬೇರೊಂದು ಬೇಕಿಲ್ಲ.

1970ರ ದಶಕದಲ್ಲಿ ರೂಪುಗೊಂಡ ಈ ಪ್ರದೇಶದಲ್ಲಿ ಲೋಹಲೇಪನದ ಸಣ್ಣ ಘಟಕಗಳು ಹಲವು. ಕ್ರೋಮಿಯಂ, ನಿಕ್ಕಲ್, ಸತು ಇವುಗಳ ನಿತ್ಯದ ಸರಕು. ಇಲ್ಲಿನ ಅಂತರ್ಜಲದಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಸೇರಿರುವುದು ಅಧ್ಯಯನಗಳಿಂದ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಭಾರತೀಯ ಮಾನಕ ವಿಧಿಸಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ಪ್ರಕಟಿಸಿದ ಸೂಚ್ಯಂಕದಲ್ಲಿ ಪೀಣ್ಯವು 65.11 ಅಂಕ ಪಡೆದು 'ತೀವ್ರ ಮಲಿನ' ವರ್ಗಕ್ಕೆ ಸೇರಿತ್ತು.

ಎಲ್ಲವನ್ನೂ ಅರಗಿಸಿಕೊಳ್ಳುವ ಮಣ್ಣು ಇದನ್ನೇಕೆ ಅರಗಿಸಿಕೊಳ್ಳಲಿಲ್ಲ? ಬೆಂಗಳೂರು ಸೀಮೆಯ ಕೆಮ್ಮಣ್ಣಿನಲ್ಲಿ ಕೆಯೊಲಿನೈಟ್ ಎಂಬ ಜೇಡಿಖನಿಜವೂ ಕೆಂಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡುಗಳೂ ಇವೆ. ಆಕ್ಸೈಡಿನ ಮೈ ನೀರು ಆಮ್ಲೀಯವಾದಾಗ ಧನಾವೇಶವನ್ನೂ ಕ್ಷಾರೀಯವಾದಾಗ ಋಣಾವೇಶವನ್ನೂ ತಳೆಯುತ್ತದೆ. ಸೀಸ, ತಾಮ್ರ, ಸತು, ನಿಕ್ಕಲ್‌ಗಳು ಧನ ಅಯಾನುಗಳಾದ್ದರಿಂದ ಆಮ್ಲತೆ ಇಳಿದಂತೆ ಹೆಚ್ಚು ಅಂಟುತ್ತವೆ. ಕೆಲವು ಅಯಾನುಗಳು ನಡುವೆ ನೀರಿನ ಪದರ ಉಳಿಸಿಕೊಂಡು ಸಡಿಲವಾಗಿ ನಿಲ್ಲುತ್ತವೆ. ಕೆಲವು ಖನಿಜದ ಆಮ್ಲಜನಕದೊಡನೆ ನೇರವಾಗಿ ಬೆಸೆದುಕೊಳ್ಳುತ್ತವೆ. ಷಡ್ವೇಲೆನ್ಸಿಯ ಕ್ರೋಮಿಯಂನ ನಡೆ ಇದಕ್ಕೆ ವಿರುದ್ಧ. ಅದು ಕ್ರೋಮೇಟ್ ಎಂಬ ಋಣ ಅಯಾನಾಗಿ ಚಲಿಸುವುದರಿಂದ ಆಮ್ಲೀಯ ಸ್ಥಿತಿಯಲ್ಲಿ ಹಿಡಿತಕ್ಕೆ ಸಿಕ್ಕಿ, ಕ್ಷಾರೀಯ ಸ್ಥಿತಿಯಲ್ಲಿ ಬಿಡಿಸಿಕೊಂಡು ನೀರಿನೊಡನೆ ಸಾಗುತ್ತದೆ. ಫಾಸ್ಫೇಟ್ ಬಂದರೂ ಅದರ ಸ್ಥಾನ ಹೋಗುತ್ತದೆ. ಸಾವಯವ ಅಂಶವು ಅದನ್ನು ಅಷ್ಟಾಗಿ ಚಲಿಸದ ತ್ರಿವೇಲೆನ್ಸಿಯ ರೂಪಕ್ಕೆ ಇಳಿಸಬಲ್ಲದು. ಮ್ಯಾಂಗನೀಸ್ ಆಕ್ಸೈಡು ಮತ್ತೆ ಹಳೆಯ ರೂಪಕ್ಕೆ ಏರಿಸಲೂಬಹುದು. ಮಣ್ಣು ಹಿಡಿದದ್ದು ಕರಗಿ ಇಲ್ಲವಾಗಿಲ್ಲ. ಸ್ಥಿತಿ ಬದಲಾಗುವವರೆಗೆ ಕಾದಿದೆಯಷ್ಟೆ.

ಇಲ್ಲಿ ಜನಪದರ ತಿಳಿವಳಿಕೆಗಿಂತ ನಮ್ಮ ಓದೇ ದೋಷಪೂರಿತವೆಂದು ತೋರುತ್ತದೆ. ರೈತನ ಮಾತಿನಲ್ಲಿ 'ತಾಯಿ' ಇರುವಂತೆ 'ಹದ'ವೂ ಇದೆ. ಕೆಮ್ಮಣ್ಣು, ಎರೆ, ಚೌಳು ಎಂದು ಆತ ಬೇರ್ಪಡಿಸುತ್ತಾನೆ. ಯಾವ ಮಣ್ಣು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ಕೇಳುತ್ತಾನೆ. ವಿದ್ವಾಂಸರಾದ ನಾವು ಭಕ್ತಿಯ ಪದವನ್ನು ಎತ್ತಿಕೊಂಡು ವಿವೇಕದ ಪದವನ್ನು ಕೃಷಿ ಪಾರಿಭಾಷಿಕದ ಪಟ್ಟಿಗೆ ಸೇರಿಸಿ ಸುಮ್ಮನಾದೆವು. ಹಾಗೆಂದು 'ಹದ'ದಲ್ಲಿಯೇ ರಸಾಯನಶಾಸ್ತ್ರವಿತ್ತೆಂದು ವಾದಿಸುವುದು ಇನ್ನೊಂದು ಭ್ರಮೆ. ಬಣ್ಣ, ವಾಸನೆ, ರುಚಿಗಳಿಂದ ನೀರನ್ನು ಅರಿಯುವ ಪರಂಪರೆಗೆ ಅತ್ಯಲ್ಪ ಪ್ರಮಾಣದ ಕ್ರೋಮೇಟ್ ಕಾಣಿಸುವುದಿಲ್ಲ. ಅಲ್ಲಿ ಪ್ರಯೋಗಾಲಯದ ಸಾಕ್ಷಿಯೇ ಬೇಕು.

ಆದ್ದರಿಂದ ತಾಯಿಮಣ್ಣಿನ ರೂಪಕವನ್ನು ಕೈಬಿಡಬೇಕಾಗಿಲ್ಲ; ಅದರ ಹೊಣೆಯನ್ನು ಅರಿಯಬೇಕಾಗಿದೆ. ಎಲ್ಲವನ್ನೂ ಸಹಿಸುವಳೆಂಬ ಹೊಗಳಿಕೆ ಎಲ್ಲವನ್ನೂ ಸುರಿಯುವವರಿಗೆ ಅನುಮತಿಯಾಗಬಾರದು. ಪೀಣ್ಯದ ಕೆಮ್ಮಣ್ಣು ತನ್ನ ಶಕ್ತಿಯಿದ್ದಷ್ಟು ಹಿಡಿದಿದೆ. ಹಿಡಿಯಲಾರದುದು ಬಾವಿಯ ನೀರಿಗೆ ಇಳಿದಿದೆ.